ಗಾಜು, ಪಿಂಗಾಣಿ, ಕಲ್ಲು, ಬಟ್ಟೆ

ಹೋದ ವರುಷ ಬೇಸಗೆಯ ರಜೆಗೆ ಶಾಲೆಯನ್ನು ಮುಚ್ಚುವುದಕ್ಕೆ ಎರಡು ದಿನ ಮುಂಚೆ, ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ ನನಗೆ ಅಂಚೆಯಲ್ಲಿ ಒಂದು ಭಾರವಾದ ಕಟ್ಟು ಬಂದಿತು. ಈಕೆಯು ನಮ್ಮ ವಸತಿಗೃಹದಲ್ಲಿದ್ದು ಓದಿ, ಅನಂತರ ದಾದಿಯ ಶಿಕ್ಷಣವನ್ನು ಪಡೆದು, ಈಗ ಯೂರೋಪಿನ ಆಸ್ಪತ್ರೆಯೊಂದರಲ್ಲಿ ಕೆಲಸಮಾಡುತ್ತಿರುವಳು. ರಜಾದಿನಗಳಲ್ಲಿ ಆಕೆಯು ಫ್ರಾನ್ಸ್ ದೇಶದ ದಕ್ಷಿಣ ತೀರಕ್ಕೆ ಹೋಗಿದ್ದಾಗ, ನೀಸ್ ಪಟ್ಟಣಕ್ಕೆ ಸಮೀಪವಾಗಿ ಬೆಟ್ಟದ ಮೇಲಿರುವ ವಾನ್ಸ್ ಎಂಬ ಊರಿನಲ್ಲಿ ಒಂದು ಸಣ್ಣ ದೇವಾಲಯವನ್ನು ನೋಡಿದಳಂತೆ. ಅದರ ಚಿತ್ರಗಳುಳ್ಳ ದೊಡ್ಡ ಪುಸ್ತಕವೊಂದು ಆ ಕಟ್ಟಿನಲ್ಲಿತ್ತು. ಜೊತೆಯಲ್ಲಿ ಒಂದು ಕಾಗದವಿತ್ತು. ಒಬ್ಬ ದಾದಿಯ ದೆಸೆಯಿಂದ ಈ ದೇವಾಲಯವು ಉಂಟಾಯಿತೆಂದು ಕೇಳಿದಾಗ ತನಗೆ ನಮ್ಮ ಶಾಲೆಯ ನೆನಪಾಯಿತೆಂದು ಆಕೆಯು ಬರೆದಿದ್ದಳು.

ಶಾಲೆಯು ಪುನಃ ಆರಂಭವಾದ ಮೇಲೆ ಆ ಪುಸ್ತಕವನ್ನು ನಾನು ಹತ್ತನೆಯ ತರಗತಿಯ ಬಾಲಕಿಯರಿಗೆ ತೋರಿಸಿದೆನು. ಕಿಟಕಿಗಳ ಚಿತ್ರಗಳನ್ನು ನೋಡಿ ಅವರು ಸಂತೋಷಪಟ್ಟರು. ಆದರೆ ನಮ್ಮ ಕರ್ತನ ಶ್ರಮಾನುಭವವನ್ನು ಬರೆದಿರುವ ಗೋಡೆಯ ಚಿತ್ರವು ಬಂದೊಡನೆ ನಗೆಯು ಹಬ್ಬಿತು. ಇದು ಒಂದನೆಯ ತರಗತಿಯ ಮಕ್ಕಳು ಸ್ಲೇಟಿನ ಮೇಲೆ ಗೀಚಿದಂತಿದೆಯೆಂದು ಒಬ್ಬಳು ಹೇಳಿದಳು. ಇನ್ನೊಬ್ಬಳು ನಗಲಿಲ್ಲ; ಎದ್ದು ನಿಂತು, "ಅಮ್ಮನವರೇ, ಇದನ್ನು ಮಾಡಿದಾತನು ದೇವರನ್ನು ನಂಬಿದವನೋ?" ಎಂದು ಕೇಳಿದಳು. ಆತನು ಅನೇಕ ವರುಷಗಳಿಂದ ಆರಾಧನೆಗೆ ಹೋಗದೆ ಇದ್ದವನೆಂದು ಹೇಳಿದೆನು. "ಹಾಗಾದರೆ ದೇವಾಲಯವನ್ನು ಮಾಡುವ ಅಧಿಕಾರವು ಅವನಿಗೆ ಹೇಗೆ ಬಂದಿತು?" ಎಂಬುದು ಆಕೆಯ ಎರಡನೆಯ ಪ್ರಶ್ನೆಯಾಗಿತ್ತು. ಗಂಟೆಯು ಬಾರಿಸಿತು; ನಾನು ಉತ್ತರಕೊಡದೆ ಹೊರಗೆ ಬಂದೆನು. ಈ ಸಂಚಿಕೆಗೆ ಏನಾದರೂ ಬರೆಯಬೇಕೆಂದು ಸಂಪಾದಕ ಮಂಡಲಿಯವರು ಕೇಳಿರುವುದರಿಂದ, ಆ ದಿನ ಹೇಳದೆ ಬಿಟ್ಟುದನ್ನು ಇಲ್ಲಿ ಹೇಳಲು ಪ್ರಯತ್ನಿಸುವೆನು.

ಆ ದೇವಾಲಯವನ್ನು ರಚಿಸಿದವನು ಹೆನ್ರಿ ಮಾತೀಸ್ ಎಂಬ ಪ್ರಸಿದ್ಧ ಚಿತ್ರಕಾರನು. ಇವನು ೧೮೬೯ನೆಯ ಇಸವಿ ಡಿಸೆಂಬರ್ ೩೧ರಂದು ಫ್ರಾನ್ಸಿನ ಉತ್ತರ ಭಾಗದಲ್ಲಿ ಜನಿಸಿ, ಬೊಯೆಂ ಎಂಬ ನೇಕಾರರ ಊರಿನಲ್ಲಿ ಬೆಳೆದನು. ಮೊದಲು ಕಾನೂನನ್ನು ಓದಿ ವಕೀಲರ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದನು. ಸುಮಾರು ಇಪ್ಪತ್ತನೆಯ ವಯಸ್ಸಿನಲ್ಲಿ ಕಾಯಿಲೆಯಿಂದ ಮಲಗಿದ್ದಾಗ, ಹೊತ್ತು ಹೋಗಲೆಂದು ತಾಯಿಯು ಒಂದು ಬಣ್ಣದ ಪೆಟ್ಟಿಗೆಯನ್ನು ತಂದುಕೊಟ್ಟಳು. ಅದರಿಂದ ಅವನ ಬಾಳಿನ ಮಾರ್ಗವೇ ಬದಲಾಯಿತು. ಮುಂದಿನ ಐವತ್ತು ವರುಷಗಳ ಕೀರ್ತಿಯನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ. ನಮ್ಮ ಕಥೆಯು ಆರಂಭವಾಗುವುದು ಅವನ ಎರಡನೆಯ ಕಾಯಿಲೆಯಿಂದ.

೧೯೪೧ನೆಯ ಇಸವಿಯ ಆರಂಭದಲ್ಲಿ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಲಿಯೋಂ ನಗರದ ಆಸ್ಪತ್ರೆಯಲ್ಲಿ ಅವನಿಗೆ ಕರುಳಿನ ಕ್ಯಾನ್ಸರಿಗಾಗಿ ದೊಡ್ಡ ಶಸ್ತ್ರಚಿಕಿತ್ಸೆಯಾಯಿತು. ಬದುಕುವನೆಂಬ ಆಸೆಯು ಯಾರಿಗೂ ಇರಲಿಲ್ಲ. ಬದುಕಿದನು, ಆದರೆ ಅಂದಿನಿಂದ ಅವನ ಬಹುಕಾಲವು ಹಾಸಿಗೆಯಲ್ಲಿಯೂ ಗಾಲಿಕುರ್ಚಿಯಲ್ಲಿಯೂ ಕಳೆಯಿತು. ಮಾರನೆಯ ವರುಷ ನೀಸಿನಲ್ಲಿ ರಾತ್ರಿಯ ಆರೈಕೆಗೆ ಒಬ್ಬ ದಾದಿಯು ಬೇಕಾಗಲು, ಮೊನೀಕ್ ಬೂರ್ಜ್ವಾ ಎಂಬ ೨೧ ವರುಷದ ಬಡ ಬಾಲೆಯು ಬಂದಳು. ವೃದ್ಧನು ಒಂದು ದಿನ ತನ್ನ ಚಿತ್ರಗಳನ್ನು ತೋರಿಸಿ, ಹೇಗಿದೆಯೆಂದು ಕೇಳಿದನಂತೆ. ಬಣ್ಣಗಳು ಚೆನ್ನಾಗಿವೆ, ಚಿತ್ರಗಳು ಮಾತ್ರ ತನಗೆ ಹಿಡಿಸಲಿಲ್ಲವೆಂದು ಆಕೆಯು ನಿಸ್ಸಂಕೋಚವಾಗಿ ಹೇಳಿಬಿಟ್ಟಳು. ಜಗತ್ತೇ ಹೊಗಳುತ್ತಿದ್ದವನಿಗೆ ಈ ಮಾತು ಕೋಪವನ್ನಲ್ಲ, ವಿಶ್ವಾಸವನ್ನು ಹುಟ್ಟಿಸಿತು. ಆಕೆಯು ಅವನಿಗೆ ಮಗಳಂತಾದಳು. ಅವನ ಕೆಲವು ಚಿತ್ರಗಳಿಗೂ ಮಾದರಿಯಾಗಿ ಕುಳಿತಳು.

ಕೆಲವು ಕಾಲದ ಮೇಲೆ ಆಕೆಗೆ ಕ್ಷಯರೋಗವು ತಗಲಲು, ವಾನ್ಸ್ ಊರಿನಲ್ಲಿ ದೊಮಿನಿಕ್ ಪಂಥದ ಕನ್ಯಾಸ್ತ್ರೀಯರು ನಡೆಸುತ್ತಿದ್ದ ವಿಶ್ರಾಂತಿಗೃಹಕ್ಕೆ ಹೋಗಬೇಕಾಯಿತು. ೧೯೪೩ರಲ್ಲಿ, ನೀಸಿಗೆ ಯುದ್ಧದ ಭಯವು ಬಂದುದರಿಂದ, ಮಾತೀಸನೂ ಅದೇ ಊರಿಗೆ ಬಂದು ನೆಲಸಿದನು. ಅಲ್ಲಿ ಮೊನೀಕಳು ತಾನು ಕನ್ಯಾಸ್ತ್ರೀಯಾಗುವೆನೆಂದು ತಿಳಿಸಿದಾಗ ಅವನಿಗೆ ಬಹಳ ವ್ಯಸನವಾಯಿತು. ವಾದಮಾಡಿದನು, ಕಾಗದಗಳನ್ನು ಬರೆದನು. ಆಕೆಯು ಮನಸ್ಸನ್ನು ಬದಲಾಯಿಸಲಿಲ್ಲ. ಹೊಸ ಹೆಸರನ್ನು ತೆಗೆದುಕೊಂಡು ಸಿಸ್ಟರ್ ಝಾಕ್-ಮಾರೀ ಆಗಿ, ಯುದ್ಧವು ಮುಗಿದ ಮೇಲೆ ಪುನಃ ವಾನ್ಸಿನ ಮನೆಗೇ ಕಳುಹಿಸಲ್ಪಟ್ಟಳು. ಹೆಣ್ಣುಮಕ್ಕಳ ಶಾಲೆಯಲ್ಲಿ ಇಷ್ಟು ವರುಷ ಕಳೆದಿರುವ ನನಗೆ, ಆ ಬಾಲೆಯು ಎರಡು ಸಾರಿ ಹೇಳಿದ "ಇಲ್ಲ" ಎಂಬ ಮಾತು ಈ ಕಥೆಯಲ್ಲಿ ಎಲ್ಲಕ್ಕಿಂತ ಪ್ರಿಯವಾಗಿರುವುದು.

ಆ ಕನ್ಯಾಸ್ತ್ರೀಯರಿಗೆ ಸರಿಯಾದ ದೇವಾಲಯವಿರಲಿಲ್ಲ; ಮಳೆಗೆ ಸೋರುವ ಒಂದು ಹಳೆಯ ಕೊಟ್ಟಿಗೆಯಲ್ಲಿ ಪ್ರಾರ್ಥಿಸುತ್ತಿದ್ದರು. ೧೯೪೭ರಲ್ಲಿ ಸಿಸ್ಟರ್ ಝಾಕ್-ಮಾರೀಯವರು ಹೊಸ ದೇವಾಲಯದ ಕಿಟಕಿಗೆಂದು ನೀರುಬಣ್ಣದಲ್ಲಿ ಒಂದು ಸಣ್ಣ ಚಿತ್ರವನ್ನು ಬರೆದು ಮಾತೀಸನಿಗೆ ತೋರಿಸಿದರು. ಅದೇ ವರುಷ ಡಿಸೆಂಬರಿನಲ್ಲಿ ರೇಸಿಗಿಯೆ ಎಂಬ ದೊಮಿನಿಕ್ ಪಂಥದ ತರುಣನು ಅವನನ್ನು ಕಾಣಲು ಬಂದನು. ಒಂದು ಕಿಟಕಿಗೆ ಸಲಹೆ ಕೊಡುವುದರಲ್ಲಿ ತೊಡಗಿದ ವೃದ್ಧನು ಇಡೀ ದೇವಾಲಯವನ್ನೇ ವಹಿಸಿಕೊಂಡನು. ಗೋಡೆ, ಕಿಟಕಿ, ಬಲಿಪೀಠ, ಶಿಲುಬೆ, ದೀಪಸ್ತಂಭ, ಬಾಗಿಲು, ಯಾಜಕರ ಉಡುಪು, ಛಾವಣಿಯ ಮೇಲಣ ಶಿಖರ, ಹೀಗೆ ಯಾವುದನ್ನೂ ಮತ್ತೊಬ್ಬರಿಗೆ ಬಿಡಲಿಲ್ಲ. ಕಟ್ಟಡದ ವಿಷಯದಲ್ಲಿ ಮಾತ್ರ ರೇಸಿಗಿಯೆಯೂ, ಓಗ್ಯುಸ್ತ್ ಪೆರೆ ಎಂಬ ಹೆಸರಾಂತ ಶಿಲ್ಪಿಯೂ ಸಹಾಯಮಾಡಿದರು. ನಾಲ್ಕು ವರುಷಗಳ ಕಾಲ ಬಹುಮಟ್ಟಿಗೆ ಬೇರೆ ಕೆಲಸವನ್ನೇ ಬಿಟ್ಟು ಇದನ್ನೇ ಮಾಡಿದನು. ವೆಚ್ಚದಲ್ಲಿಯೂ ದೊಡ್ಡ ಪಾಲನ್ನು ತಾನೇ ಹೊತ್ತನು.

ಇನ್ನು ಆತನ ಕೈಗೆ ಸಿಕ್ಕಿದ ಒಂದೊಂದು ಪದಾರ್ಥವೂ ಆತನಿಗೆ ಕಲಿಸಿದ ಪಾಠವನ್ನು ಹೇಳುವೆನು. ಜೀವಮಾನವೆಲ್ಲ ಬಟ್ಟೆಯ ಹಲಗೆಯ ಮೇಲೆ ತೈಲವರ್ಣವನ್ನು ಹಚ್ಚಿದವನಿಗೆ ಇಲ್ಲಿ ಎಲ್ಲವೂ ಹೊಸದು. ತೈಲವರ್ಣದಲ್ಲಿ ತಪ್ಪಾದರೆ ಒರಸಬಹುದು, ಮೇಲೆ ಮತ್ತೊಂದು ಬಣ್ಣವನ್ನು ಹಚ್ಚಬಹುದು. ಗಾಜು, ಪಿಂಗಾಣಿ, ಕಲ್ಲುಗಳು ಅಷ್ಟು ಸುಲಭವಾಗಿ ಮಾತು ಕೇಳುವುದಿಲ್ಲ.

ಮೊದಲು ಗಾಜು. ಮಂಚದಲ್ಲಿಯೂ ಕುರ್ಚಿಯಲ್ಲಿಯೂ ಕುಳಿತು ಕುಂಚವನ್ನು ಹಿಡಿಯುವುದು ಕಷ್ಟವಾದ ಮೇಲೆ ಮಾತೀಸನು ಕತ್ತರಿಯನ್ನು ಹಿಡಿದಿದ್ದನು. ಸಹಾಯಕರು ಕಾಗದಗಳಿಗೆ ಬಣ್ಣ ಬಳಿದು ಒಣಗಿಸಿ ಕೊಡುವರು. ಆತನು ಅವುಗಳನ್ನು ಎಲೆ ಹೂಗಳ ಆಕಾರದಲ್ಲಿ ಕತ್ತರಿಸುವನು. ಅವರು ಅವನು ಹೇಳಿದ ಸ್ಥಳದಲ್ಲಿ ಗೋಡೆಗೆ ಗುಂಡುಸೂಜಿಯಿಂದ ಚುಚ್ಚುವರು. ದೇವಾಲಯದ ಕಿಟಕಿಗಳ ನಮೂನೆಗಳನ್ನು ಹೀಗೆಯೇ ಮಾಡಿದನು. ಮೊದಲನೆಯ ನಮೂನೆಯು ಪರಲೋಕದ ಯೆರೂಸಲೇಮನ್ನು ಕುರಿತದ್ದು. ಅದನ್ನು ತಾನೇ ಬದಿಗಿಟ್ಟನು. ಎರಡನೆಯದನ್ನು ತಿಂಗಳುಗಟ್ಟಲೆ ದುಡಿದು ಪೂರ್ತಿಮಾಡಿದನು. ಆಗ ಒಂದು ಸಂಗತಿಯು ಹೊರಬಿದ್ದಿತು. ಬಣ್ಣದ ಗಾಜಿನ ಕಿಟಕಿಯೆಂದರೆ ಒಂದೇ ಹಾಳೆಯಲ್ಲ; ಅನೇಕ ತುಂಡುಗಳನ್ನು ಸೀಸದ ಪಟ್ಟಿಗಳಿಂದ ಒಂದಕ್ಕೊಂದು ಬಿಗಿಯಬೇಕು. ಕಾಗದಕ್ಕೆ ಸೀಸವು ಬೇಡ. ಆದುದರಿಂದ ಆ ಪಟ್ಟಿಗಳಿಗೆ ಅವನು ತನ್ನ ನಮೂನೆಯಲ್ಲಿ ಎಡೆಯನ್ನೇ ಇಟ್ಟಿರಲಿಲ್ಲ. ಪಟ್ಟಿಗಳನ್ನು ಹಾಕಿದರೆ ಚಿತ್ರವು ಕೆಡುವುದು. ಹಾಕದಿದ್ದರೆ ಗಾಜು ನಿಲ್ಲದು. ಎಂಬತ್ತನೆಯ ವಯಸ್ಸಿನ ಸಮೀಪದಲ್ಲಿದ್ದ ಆ ರೋಗಿಯು ಇಡೀ ನಮೂನೆಯನ್ನು ಕೈಬಿಟ್ಟು ಮೊದಲಿನಿಂದ ಆರಂಭಿಸಿದನು.

ಇದನ್ನು ಓದಿದಾಗ ನನ್ನ ಎಂಟನೆಯ ತರಗತಿಯ ನೆನಪಾಯಿತು. ಪವಿತ್ರ ಭೋಜನದ ಮೇಜಿನ ಬಟ್ಟೆಗೆ ಅಂಚಿನ ಕಸೂತಿ ಹಾಕುವ ಕೆಲಸವು ನನ್ನ ಪಾಲಿಗೆ ಬಂದಿತ್ತು. ಕಾಗದದ ಮೇಲೆ ದ್ರಾಕ್ಷಿಬಳ್ಳಿಯನ್ನು ಬಹು ಅಂದವಾಗಿ ಬರೆದು, ಅದನ್ನು ಹಾಗೆಯೇ ಬಟ್ಟೆಯ ಮೇಲೆ ತರಲು ಹೊರಟೆನು. ದಾರವು ಬಿಗಿಯಾಗಿ ಬಟ್ಟೆಯು ನೆರಿಗೆಗಟ್ಟಿತು. ನಮ್ಮ ಹೊಲಿಗೆಯ ಅಮ್ಮನವರು ಮೂರು ಸಾರಿ ಬಿಚ್ಚಿಸಿದರು. ಮೂರನೆಯ ಸಾರಿ ನಾನು ಅಳುತ್ತಿರುವಾಗ, "ಕಾಗದವನ್ನು ನೋಡಬೇಡವಮ್ಮಾ, ಬಟ್ಟೆಯನ್ನು ಕೇಳಿ ಹೊಲಿ" ಎಂದರು. ಆಗ ಅದರ ಅರ್ಥವು ನನಗೆ ಸ್ವಲ್ಪವೂ ಆಗಲಿಲ್ಲ.

ಮಾತೀಸನ ಮೂರನೆಯ ನಮೂನೆಯೇ ಈಗ ಅಲ್ಲಿರುವುದು. ಅದಕ್ಕೆ ಜೀವವೃಕ್ಷವೆಂದು ಹೆಸರು. ಸತ್ಯವೇದದ ಕಡೆಯ ಅಧ್ಯಾಯವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಎಲೆಗಳ ಮಾದರಿಯು ಏದೆನ್ ತೋಟದ ಮರದ್ದಲ್ಲ. ಒಣನೆಲದಲ್ಲಿ ಬೆಳೆದು ಹೂ ಬಿಡುವ ಕಳ್ಳಿಯದು, ನಮ್ಮ ಹೊಲದ ಬೇಲಿಗಳಲ್ಲಿರುವ ಪಾಪಾಸುಕಳ್ಳಿಯ ಜಾತಿಯದು. ಬಣ್ಣಗಳು ಮೂರೇ: ಕಡುನೀಲಿ, ಎಲೆಹಸುರು, ನಿಂಬೆಯ ಹಳದಿ. ನೀಲಿಯೂ ಹಸುರೂ ತಿಳಿಗಾಜು. ಅವುಗಳ ಮೂಲಕ ಹೊರಗಿನ ಗಿಡಮರಗಳು ಕಾಣುವುವು. ಹಳದಿಯನ್ನು ಮಾತ್ರ ಮಬ್ಬುಗೊಳಿಸಿರುವುದರಿಂದ ಅದರ ಮೂಲಕ ಬೆಳಕು ಬರುವುದೇ ಹೊರತು ನೋಟವು ಆಚೆಗೆ ಹೋಗದು. ಎದುರಿನ ಬಿಳಿಯ ಗೋಡೆಯ ಮೇಲೂ ನೆಲದ ಮೇಲೂ ಈ ಮೂರು ಬಣ್ಣಗಳ ಬೆಳಕು ಬೀಳುವುದು; ಹೊತ್ತು ಏರಿದಂತೆ ಅದು ಸರಿಯುವುದು. ಚಳಿಗಾಲದ ಬೆಳಿಗ್ಗೆ ಹನ್ನೊಂದು ಗಂಟೆಯ ಹೊತ್ತಿಗೆ ನೋಡಬೇಕೆಂದು ಮಾತೀಸನೇ ಹೇಳುತ್ತಿದ್ದನಂತೆ.

ಎರಡನೆಯದು ಪಿಂಗಾಣಿ. ಬೆಳಕು ಬೀಳುವ ಗೋಡೆಗಳಿಗೆ ಬಿಳಿಯ ಹೊಳಪಿನ ಪಿಂಗಾಣಿಯ ಬಿಲ್ಲೆಗಳನ್ನು ಹೊದಿಸಿ, ಅವುಗಳ ಮೇಲೆ ಕಪ್ಪು ಗೆರೆಗಳಲ್ಲಿ ಮಾತ್ರ ಚಿತ್ರಗಳನ್ನು ಬರೆದನು. ಗಾಜಿನಲ್ಲಿ ಬಣ್ಣವೆಲ್ಲ ಇದ್ದುದರಿಂದ ಗೋಡೆಗೆ ಬಣ್ಣವನ್ನು ಕೊಡದೆ ಹೋದನು. ಗೋಡೆಯ ಕೆಲಸವು ಬೆಳಕನ್ನು ಸ್ವೀಕರಿಸುವುದು. ಬಿಲ್ಲೆಯ ಮೇಲೆ ಬರೆದ ಗೆರೆಯನ್ನು ಆವಿಗೆಯಲ್ಲಿ ಸುಟ್ಟ ಮೇಲೆ ತಿದ್ದಲು ಬಾರದು. ಆದುದರಿಂದ ಕೈಗೆ ಅಭ್ಯಾಸವಾಗುವ ತನಕ ಕಾಗದದ ಮೇಲೆ ನೂರಾರು ಸಾರಿ ಬರೆದನು. ನೀಸಿನಲ್ಲಿ ಅವನಿದ್ದ ಕೊಠಡಿಯು ಹೆಚ್ಚುಕಡಿಮೆ ದೇವಾಲಯದಷ್ಟೇ ದೊಡ್ಡದಾಗಿತ್ತು. ಉದ್ದವಾದ ಬಿದಿರುಕೋಲಿನ ತುದಿಗೆ ಇದ್ದಲನ್ನು ಕಟ್ಟಿ, ಗೋಡೆಯ ಮೇಲೆ ಆಳೆತ್ತರಕ್ಕಿಂತ ದೊಡ್ಡ ಆಕೃತಿಗಳನ್ನು ಆತನು ಬರೆಯುತ್ತಿರುವ ಛಾಯಾಚಿತ್ರವು ಪ್ರಸಿದ್ಧವಾಗಿದೆ.

ಒಂದು ಕಡೆ ಸಂತ ದೊಮಿನಿಕನು ನಿಂತಿರುವನು. ಮತ್ತೊಂದು ಕಡೆ ಮರಿಯಳೂ ಶಿಶುವೂ. ಶಿಶುವು ತೋಳುಗಳನ್ನು ಎರಡು ಕಡೆಗೂ ಚಾಚಿ ನಿಂತಿರುವುದನ್ನು ನೋಡಿದರೆ ಶಿಲುಬೆಯ ಆಕಾರವು ಆಗಲೇ ಕಾಣಿಸುವುದು. ಈ ಮೂವರಿಗೂ ಮುಖವಿಲ್ಲ. ಮೊಟ್ಟೆಯಾಕಾರದ ಗೆರೆ ಮಾತ್ರ. ಹಿಂಭಾಗದ ಗೋಡೆಯಲ್ಲಿರುವುದು ನಮ್ಮ ಬಾಲಕಿಯರನ್ನು ನಗಿಸಿದ ಚಿತ್ರ. ಕಥೋಲಿಕ ದೇವಾಲಯಗಳಲ್ಲಿ ಶಿಲುಬೆಯ ಹಾದಿಯ ೧೪ ಘಟನೆಗಳನ್ನು ಗೋಡೆಯುದ್ದಕ್ಕೂ ಬೇರೆಬೇರೆಯಾಗಿ ಇಡುವುದು ವಾಡಿಕೆ. ಇಲ್ಲಿ ಅವೆಲ್ಲವೂ ಒಂದೇ ಗೋಡೆಯ ಮೇಲೆ ಒತ್ತಾಗಿ, ಕೆಳಗಿನಿಂದ ಮೇಲಕ್ಕೆ ಅಂಕುಡೊಂಕಾಗಿ, ಬೆಟ್ಟವನ್ನು ಹತ್ತುವ ದಾರಿಯಂತೆ ಸಾಗುವುವು. ಪಕ್ಕದಲ್ಲಿ ಕೈಬರಹದ ಅಂಕಿಗಳು. ಗೆರೆಗಳು ಒರಟು, ಅವಸರದವು. ಚೆಲುವಾಗಿ ಬರೆಯಲು ಬಾರದವನು ಹೀಗೆ ಬರೆದನೆಂದು ಯಾರೂ ಹೇಳಲಾರರು, ಯಾಕಂದರೆ ಚೆಲುವಾದ ಗೆರೆಗೆ ಆತನು ಲೋಕಪ್ರಸಿದ್ಧನಾಗಿದ್ದನು. ಆ ಸಂಕಟವನ್ನು ಚೆಲುವಾಗಿ ಬರೆಯಲು ಆತನಿಗೆ ಮನಸ್ಸಾಗಲಿಲ್ಲವೆಂದೇ ನಾನು ತಿಳಿದಿರುವೆನು. ಆ ಗೋಡೆಯಲ್ಲಿ ವೆರೋನಿಕಳ ವಸ್ತ್ರದ ಮೇಲೆ ಮಾತ್ರ ಕ್ರಿಸ್ತನ ಮುಖವು ಕಣ್ಣು, ಮೂಗು, ಬಾಯಿಗಳೊಡನೆ ಇರುವುದು. ಒಬ್ಬ ಹೆಂಗಸು ಬೆವರನ್ನು ಒರಸಲು ಕೊಟ್ಟ ಬಟ್ಟೆಯಲ್ಲಿಯೇ ಮುಖವನ್ನು ಕಾಣಿಸಿದುದನ್ನು ನಾನು ಮೊದಲು ಗಮನಿಸಿರಲಿಲ್ಲ. ಪ್ರಶ್ನೆ ಕೇಳಿದ ಬಾಲಕಿಯೇ ಆಮೇಲೆ ಒಂದು ದಿನ ಬಂದು ತೋರಿಸಿದಳು.

ಬಲಿಪೀಠದ ಕಲ್ಲಿನ ವಿಷಯವು ಚಿಕ್ಕದು. ಅಮೃತಶಿಲೆಯನ್ನು ಬಿಟ್ಟು, ರೋಞ್ ಎಂಬಲ್ಲಿಯ ಕಂದುಬಣ್ಣದ, ಸಣ್ಣ ರಂಧ್ರಗಳುಳ್ಳ ಕಲ್ಲನ್ನು ಆರಿಸಿಕೊಂಡನು, ಏಕೆಂದರೆ ಅದು ನೋಡುವುದಕ್ಕೆ ಸುಟ್ಟ ರೊಟ್ಟಿಯಂತಿರುವುದು. ರೊಟ್ಟಿಯನ್ನು ಮುರಿಯುವ ಮೇಜು ರೊಟ್ಟಿಯ ಬಣ್ಣದ್ದೇ ಆಗಲಿ ಎಂಬ ಯೋಚನೆಯು ಯಾವ ಅಡಿಗೆಮನೆಯ ಹೆಂಗಸಿಗೂ ಅರ್ಥವಾಗುವಂಥದು. ಪೀಠವನ್ನು ಓರೆಯಾಗಿ ಇರಿಸಿರುವುದರಿಂದ ಯಾಜಕನು ಒಂದು ಪಕ್ಕದ ಕನ್ಯಾಸ್ತ್ರೀಯರಿಗೂ ಎದುರಿನ ಊರಿನವರಿಗೂ ಮುಖಕೊಟ್ಟು ನಿಲ್ಲುವನು. ಯಾಜಕನು ಸಭೆಗೆ ಬೆನ್ನುಮಾಡಿ ನಿಲ್ಲುವುದೇ ಆ ಸಭೆಯಲ್ಲಿ ಆಗ ಪದ್ಧತಿಯಾಗಿತ್ತು. ಪೀಠದ ಮೇಲಣ ಕಂಚಿನ ಶಿಲುಬೆಯೂ ಮೇಣದ ಬತ್ತಿಯ ಸ್ತಂಭಗಳೂ, ಆಚೆಯವರ ನೋಟಕ್ಕೆ ಅಡ್ಡಿಯಾಗದಂತೆ, ಬಹಳ ಸಪುರವಾಗಿ ಮಾಡಲ್ಪಟ್ಟಿವೆ.

ಕಡೆಯದು ಬಟ್ಟೆ. ಯಾಜಕರು ಆಯಾ ಕಾಲಕ್ಕೆ ತಕ್ಕಂತೆ ಧರಿಸುವ ಮೇಲಂಗಿಗಳಿಗೆ, ಬಿಳುಪು, ಹಸುರು, ನೇರಳೆ, ಕೆಂಪು, ಗುಲಾಬಿ, ಕಪ್ಪು ಎಂಬ ಆರು ಬಣ್ಣಗಳಲ್ಲಿ, ಅವನು ಕಾಗದವನ್ನು ಕತ್ತರಿಸಿ ನಮೂನೆಗಳನ್ನು ಮಾಡಿಕೊಟ್ಟನು. ಕಾನ್ ಪಟ್ಟಣದ ಕಾರ್ಯಾಗಾರವೊಂದರಲ್ಲಿ ಅವುಗಳನ್ನು ರೇಷ್ಮೆಯಲ್ಲಿ ಹೊಲಿದರು. ನೇಕಾರರ ಊರಿನಲ್ಲಿ ಬೆಳೆದವನು ಹೀಗೆ ಮುಪ್ಪಿನಲ್ಲಿ ಬಟ್ಟೆಗೆ ಹಿಂದಿರುಗಿದನು. ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಕಿಟಕಿಗಳಲ್ಲಿ ಕೆಂಪು ಬಣ್ಣವು ಎಲ್ಲಿಯೂ ಇಲ್ಲ, ಗೋಡೆಯಲ್ಲಿಯೂ ಇಲ್ಲ. ಪವಿತ್ರಾತ್ಮನು ಇಳಿದುಬಂದ ದಿನದಲ್ಲಿಯೂ ರಕ್ತಸಾಕ್ಷಿಗಳನ್ನು ಸ್ಮರಿಸುವ ದಿನಗಳಲ್ಲಿಯೂ, ಯಾಜಕನ ಬೆನ್ನಿನ ಮೇಲೆ, ಕೆಂಪು ಒಳಗೆ ಬರುವುದು. ನಮೂನೆಯು ಮಾತೀಸನದಾದರೂ, ರೇಷ್ಮೆಯು ಹೆಗಲಿನಿಂದ ಹೇಗೆ ಇಳಿಯಬೇಕು, ಕತ್ತರಿಸಿದ ಅಂಚು ಹೇಗೆ ಬಿಚ್ಚದೆ ನಿಲ್ಲಬೇಕು ಎಂಬುದನ್ನು ಬಲ್ಲವರು ಹೊಲಿದ ಕೈಗಳವರು. ಅವರ ಹೆಸರುಗಳು ನನ್ನ ಪುಸ್ತಕದಲ್ಲಿಲ್ಲ.

ಇದನ್ನು ಹೇಳುವಾಗ ಪೋಷಕರಲ್ಲಿ ಒಂದು ವಿಜ್ಞಾಪನೆಯನ್ನೂ ಮಾಡಿಕೊಳ್ಳುವೆನು. ಒಂಬತ್ತು ಮತ್ತು ಹತ್ತನೆಯ ತರಗತಿಗಳ ಹೊಲಿಗೆ, ಚಿತ್ರಲೇಖನಗಳ ಪಾಠಗಳನ್ನು ನಿಲ್ಲಿಸಿ ಆ ಹೊತ್ತನ್ನು ಗಣಿತಕ್ಕೆ ಕೊಡಬೇಕೆಂದು ಕೆಲವರು ಬರೆದಿರುವರು. ಆಡಳಿತ ಸಮಿತಿಯ ಮುಂದಿನ ಸಭೆಯಲ್ಲಿ ಇದು ಚರ್ಚೆಗೆ ಬರುವುದು. ಗಣಿತದಲ್ಲಿ ನಮ್ಮ ಮಕ್ಕಳು ಹಿಂದುಳಿಯುವುದನ್ನು ನಾನೂ ಸಹಿಸಲಾರೆನು. ಆದರೆ ತಪ್ಪಿದ ಕೆಲಸವನ್ನು ತಾನೇ ಬಿಚ್ಚಿ ಪುನಃ ಹೊಲಿಯುವ ಪಾಠವನ್ನು ವಾರಕ್ಕೆ ಎರಡು ಗಂಟೆಯಾದರೂ ಉಳಿಸಿಕೊಡಿರೆಂದು ಸಭೆಯಲ್ಲಿ ಕೇಳುವವಳಿದ್ದೇನೆ.

ದೇವಾಲಯದ ಅಸ್ತಿಭಾರವನ್ನು ೧೯೪೯ರ ಡಿಸೆಂಬರಿನಲ್ಲಿ ಹಾಕಿದರು. ೧೯೫೧ನೆಯ ಇಸವಿ ಜೂನ್ ೨೫ರಂದು ನೀಸಿನ ಬಿಷಪರು ಅದನ್ನು ಪ್ರತಿಷ್ಠೆಮಾಡಿದರು. ಮಾತೀಸನು ಅಸ್ವಸ್ಥನಾಗಿದ್ದುದರಿಂದ ಬರಲಾಗಲಿಲ್ಲ. ಆತನ ಕಾಗದವನ್ನು ಕೂತ್ಯೂರಿಯೆ ಎಂಬ ಪಾದ್ರಿಯವರು ಓದಿದರು. ಎಲ್ಲ ಕುಂದುಗಳ ನಡುವೆಯೂ ಇದೇ ತನ್ನ ಬಾಳಿನ ಶ್ರೇಷ್ಠ ಕೃತಿಯೆಂದು ಅವನು ಅದರಲ್ಲಿ ತಿಳಿಸಿದ್ದನು. ಎಲ್ಲರೂ ಹಾಗೆ ಎಣಿಸಲಿಲ್ಲ. ಕನ್ಯಾಸ್ತ್ರೀಯರಲ್ಲಿಯೇ ಕೆಲವರಿಗೆ ಮುಖವಿಲ್ಲದ ಮರಿಯಳು ಹಿಡಿಸಲಿಲ್ಲ. ಇತ್ತ ಗೆಳೆಯನಾದ ಪಿಕಾಸೋ ಎಂಬ ಚಿತ್ರಕಾರನು, ಕಮ್ಯೂನಿಸ್ಟನಾದುದರಿಂದ, ನಂಬಿಕೆಯಿಲ್ಲದವನು ದೇವಾಲಯವನ್ನು ಕಟ್ಟಬಾರದೆಂದೂ, ಅದಕ್ಕಿಂತ ಒಂದು ಸಂತೆಯ ಕಟ್ಟಡವನ್ನು ಮಾಡಬಹುದಾಗಿತ್ತೆಂದೂ ಜರೆದನು. ವಿಶ್ವಾಸಿಯಾದ ನಮ್ಮ ಬಾಲಕಿಯೂ ಅವಿಶ್ವಾಸಿಯಾದ ಪಿಕಾಸೋವೂ ಒಂದೇ ಪ್ರಶ್ನೆಯನ್ನು ಕೇಳಿದಂತಾಯಿತು!

ನಾನು ದೇವಶಾಸ್ತ್ರವನ್ನು ಬಲ್ಲವಳಲ್ಲ. ಆದರೆ ಸೊಲೊಮೋನನು ಯೆಹೋವನ ಆಲಯವನ್ನು ಕಟ್ಟಿಸಿದಾಗ ದೇವದಾರುಮರಗಳನ್ನು ಕಡಿದವರು ತೂರಿನ ಅರಸನಾದ ಹೀರಾಮನ ಆಳುಗಳು. ಚೀದೋನ್ಯರಷ್ಟು ಚೆನ್ನಾಗಿ ಮರ ಕಡಿಯುವವರು ತನ್ನಲ್ಲಿಲ್ಲವೆಂಬುದೇ ಅರಸನು ಕೊಟ್ಟ ಕಾರಣ. ಅವರ ನಂಬಿಕೆಯನ್ನು ವಿಚಾರಿಸಿದನೆಂದು ನಾನು ಎಲ್ಲಿಯೂ ಓದಲಿಲ್ಲ. ಮಾತೀಸನ ಹೃದಯದಲ್ಲಿ ಏನಿತ್ತೆಂಬುದನ್ನು ಬಲ್ಲವನು ದೇವರೊಬ್ಬನೇ. ನನಗೆ ಕಾಣುವುದು ಇಷ್ಟು: ಹೆಸರು, ಹಣ, ವಯಸ್ಸು ಎಲ್ಲವೂ ತುಂಬಿದ ಒಬ್ಬ ಮನುಷ್ಯನು ಸೀಸದ ಪಟ್ಟಿಯ ಮುಂದೆ ತಲೆಬಾಗಿದನು, ತಿದ್ದಲಾಗದ ಗೆರೆಯ ಮುಂದೆ ನಡುಗಿ ನೂರು ಸಾರಿ ಅಭ್ಯಾಸಮಾಡಿದನು. ತನ್ನ ಇಚ್ಛೆಯನ್ನು ಬಿಟ್ಟು ಮತ್ತೊಂದರ ಸ್ವಭಾವಕ್ಕೆ ಅಧೀನನಾಗುವುದನ್ನು ನಾವು ದೇವಾಲಯದಲ್ಲಿ ಬಾಯಿಂದ ಹೇಳುವೆವು. ಆತನು ಕೈಯಿಂದ ಮಾಡಿದನು. ಅದು ನಂಬಿಕೆಯೇ ಎಂದು ಆ ಬಾಲಕಿಯು ಕೇಳಿದರೆ, ಹೌದೆಂದು ಹೇಳುವ ಧೈರ್ಯವು ನನಗೆ ಸಾಲದು. ಅಲ್ಲವೆಂದು ಹೇಳುವ ಧೈರ್ಯವಂತೂ ಇಲ್ಲವೇ ಇಲ್ಲ.

ಮಾತೀಸನು ೧೯೫೪ನೆಯ ಇಸವಿ ನವೆಂಬರ್ ೩ರಂದು ತೀರಿಕೊಂಡನು. ಆತನು ಕಿಟಕಿಗಳಿಗಾಗಿಯೂ ಉಡುಪುಗಳಿಗಾಗಿಯೂ ಮಾಡಿದ ಕೆಲವು ನಮೂನೆಗಳನ್ನು ರೋಮಿನ ವಾಟಿಕನ್ ವಸ್ತುಸಂಗ್ರಹಾಲಯದಲ್ಲಿ ೨೦೧೧ರಿಂದ ಪ್ರತ್ಯೇಕ ಕೊಠಡಿಯಲ್ಲಿ ಇಟ್ಟಿರುವರು. ಸಿಸ್ಟರ್ ಝಾಕ್-ಮಾರೀಯವರು, ತಮ್ಮ ವಿಷಯವಾಗಿ ಜನರಾಡಿದ ಸಲ್ಲದ ಮಾತುಗಳನ್ನು ಬಹುಕಾಲ ಸಹಿಸಿಕೊಂಡು, ೧೯೯೨ರಲ್ಲಿ ದೇವಾಲಯದ ಕಥೆಯನ್ನು ತಾವೇ ಪುಸ್ತಕವಾಗಿ ಬರೆದರು, ೨೦೦೫ರಲ್ಲಿ ತೀರಿಕೊಂಡರು.

ನಮ್ಮ ಹಳೆಯ ವಿದ್ಯಾರ್ಥಿನಿಯು ಕಳುಹಿಸಿದ ಪುಸ್ತಕವು ಗ್ರಂಥಾಲಯದ ಗಾಜಿನ ಬೀರುವಿನಲ್ಲಿದೆ. ವಾರ್ಷಿಕೋತ್ಸವಕ್ಕೆ ಬರುವವರು ಬೀಗದ ಕೈಯನ್ನು ಕಚೇರಿಯಲ್ಲಿ ಕೇಳಿ ತೆಗೆದು ನೋಡಬಹುದು. ಹಿಂಭಾಗದ ಗೋಡೆಯ ಚಿತ್ರವಿರುವ ಪುಟದ ಅಂಚು ಈಗಾಗಲೇ ಬಾಲಕಿಯರ ಬೆರಳುಗಳಿಂದ ಸ್ವಲ್ಪ ಮಾಸಿದೆ. ಅದನ್ನು ನಾನು ಒರಸಲಿಲ್ಲ.